ಒಂದು ಸ್ವರ ಗುಂಯ್, ಇನ್ನೊಂದು ಮಾಯ: ಮನೆಯ ಕೋಣೆಯಲ್ಲಿ ಸಬ್‌ವೂಫರ್ ಬೇಸ್ ಸಮ ಮಾಡುವುದು ಹೇಗೆ

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಹಾಡು ಕೇಳಲಿಕ್ಕೆಂದೇ ಒಂದು ಕೋಣೆ ಇದೆ. ಉದ್ದ 14 ಅಡಿ, ಅಗಲ 11, ಎತ್ತರ 10. ಕೆಂಪು ಕಲ್ಲಿನ ಗೋಡೆ, ಮೇಲೆ ಕಾಂಕ್ರೀಟ್ ತಾರಸಿ, ಕೆಳಗೆ ಟೈಲ್ಸ್. ಅಲ್ಲಿಗೆ 12 ಇಂಚಿನ ಸಬ್‌ವೂಫರ್ (ಬೇಸ್, ಅಂದರೆ ಕೆಳಗಿನ ದಪ್ಪ ಸ್ವರಗಳಿಗೆಂದೇ ಇರುವ ಸ್ಪೀಕರ್) ತಂದಿಟ್ಟ ಮೊದಲ ವಾರ ಖುಷಿಗಿಂತ ಗೊಂದಲವೇ ಜಾಸ್ತಿ ಆಯಿತು. ಬೇಸ್ ಗಿಟಾರ್ ಚೆನ್ನಾಗಿ ಕೇಳುವ ಒಂದು ಹಾಡು ಹಾಕಿದ್ದೆ. ದಪ್ಪ ತಂತಿಯ ಸ್ವರ ಬಂದಾಗ ಕಬ್ಬಿಣದ ಕಪಾಟಿನ ಬಾಗಿಲು ನಡುಗಿತು. ಅದೇ ಸಾಲಿನಲ್ಲಿ ಸ್ವಲ್ಪ ಮೇಲಿನ ಸ್ವರಕ್ಕೆ ಹೋದಾಗ ಸಬ್ ಆಫ್ ಆದ ಹಾಗೆ ಅನಿಸಿತು. ನೀರು ಕುಡಿಯಲು ಎದ್ದು ಬಾಗಿಲ ಹತ್ತಿರ ಹೋದರೆ ಅಲ್ಲಿ ಬೇರೆಯೇ ಹಾಡು. ಮರುದಿನ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೇಳಿದರು, "ಎಂತ ಮಾರಾಯ್ರೆ, ರಾತ್ರಿ ಗ್ರೈಂಡರ್ ಇಟ್ಟದ್ದಾ? ಒಂದೇ ಸಮ ಗುಂಯ್ ಅಂತ ಕೇಳ್ತಾ ಇತ್ತು."

ಸಬ್ ಹಾಳಾಗಿದೆ ಅಂದುಕೊಂಡೆ. ಹಾಳಾಗಿರಲಿಲ್ಲ. ಅದೇ ಸಬ್ ಈಗಲೂ ಅದೇ ಕೋಣೆಯಲ್ಲಿದೆ, ಈಗ ಒಂದೊಂದು ಸ್ವರವೂ ಅದರದರ ತೂಕದಲ್ಲಿ ಕೇಳುತ್ತದೆ. ಬದಲಾದದ್ದು ಸೋಫಾದ ಜಾಗ, ಸಬ್‌ನ ಜಾಗ, ಹಿಂದಿನ ಒಂದು ಸ್ವಿಚ್, ಕೊನೆಗೆ ಒಂದೇ ಒಂದು ಈಕ್ವಲೈಸರ್ ಫಿಲ್ಟರ್ (ಆರಿಸಿದ ಸ್ವರವನ್ನಷ್ಟೇ ಏರಿಸುವ, ಇಳಿಸುವ ಸೆಟ್ಟಿಂಗ್). ಬದಲಾಯಿಸಿದ್ದೂ ಇದೇ ಕ್ರಮದಲ್ಲಿ. ಈ ಕ್ರಮವೇ ಮುಖ್ಯ. ಹೆಚ್ಚಿನವರು ಸಬ್ ಅನ್ನು ಜಾಗ ಸಿಕ್ಕಿದ ಮೂಲೆಯಲ್ಲಿ ಇಟ್ಟು, ಸೋಫಾ ಗೋಡೆಗೆ ಒತ್ತಿಟ್ಟು, ಆಮೇಲೆ ಈಕ್ವಲೈಸರ್ ಹಿಡಿದು ಹೋರಾಡುತ್ತಾರೆ. ಅದರಿಂದ ಅರ್ಧ ಸಮಸ್ಯೆ ಹಾಗೇ ಉಳಿಯುತ್ತದೆ. ಜಾಗದಿಂದ ಆಗುವ ಕೆಲಸವನ್ನು ಜಾಗದಿಂದಲೇ ಮಾಡಿ ಮುಗಿಸಬೇಕು. ಅದಕ್ಕೆ ದುಡ್ಡೂ ಬೇಡ.

ಕೋಣೆ ಮಾಡುವ ಕೆಲಸ

ಬಟ್ಟೆ ನೆನೆಸುವ ಉದ್ದನೆಯ ಟಬ್‌ನಲ್ಲಿ ಅರ್ಧ ನೀರು ತುಂಬಿ, ಒಂದು ತುದಿಯಿಂದ ಮೆಲ್ಲ ಮೆಲ್ಲ ಅಲ್ಲಾಡಿಸಿ ನೋಡಿ. ಒಂದು ಲಯ ಸಿಕ್ಕಿದ ಕೂಡಲೇ ನೀರು ಜೋರಾಗಿ ತೂಗತೊಡಗುತ್ತದೆ. ಎರಡೂ ತುದಿಯಲ್ಲಿ ನೀರು ಏರಿ ಇಳಿಯುತ್ತದೆ. ಸರಿ ಮಧ್ಯದಲ್ಲಿ ಮಾತ್ರ ಮಟ್ಟ ಬದಲಾಗುವುದೇ ಇಲ್ಲ. ಕೈ ತೆಗೆದ ಮೇಲೂ ಸ್ವಲ್ಪ ಹೊತ್ತು ತೂಗುತ್ತಲೇ ಇರುತ್ತದೆ.

ಕೋಣೆಯೊಳಗಿನ ಗಾಳಿಯೂ ಹೀಗೆಯೇ. ಎದುರು ಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸರಿಯಾಗಿ ಕೂತುಬಿಡುತ್ತವೆ. ಇದಕ್ಕೆ ರೂಮ್ ಮೋಡ್ ಅನ್ನುತ್ತಾರೆ. ಆ ಸ್ವರ ಗೋಡೆಯ ಹತ್ತಿರ ಉಬ್ಬುತ್ತದೆ, ಕೋಣೆಯ ಮಧ್ಯದಲ್ಲಿ ಕಾಣೆಯಾಗುತ್ತದೆ, ನಿಲ್ಲಿಸಿದ ಮೇಲೂ ಎಳೆಯುತ್ತದೆ.

ನಿಮ್ಮ ಕೋಣೆಯಲ್ಲಿ ಅದು ಯಾವ ಸ್ವರ ಅಂತ ಟೇಪ್ ಹಿಡಿದರೆ ಗೊತ್ತಾಗುತ್ತದೆ. ಶಬ್ದದ ವೇಗ 20 ಡಿಗ್ರಿ ಗಾಳಿಯಲ್ಲಿ ಸೆಕೆಂಡಿಗೆ 343 ಮೀಟರ್. ನಮ್ಮ ಕರಾವಳಿಯ ಸೆಕೆಯಲ್ಲಿ 348ರ ಆಸುಪಾಸು. ಅಂದರೆ ಸುಮಾರು 1,140 ಅಡಿ, ಅದರ ಅರ್ಧ 570. ಲೆಕ್ಕ ಸುಲಭ ಮಾಡಿಕೊಳ್ಳೋಣ: 570 ಅನ್ನು ಅಡಿಯಲ್ಲಿರುವ ಅಳತೆಯಿಂದ ಭಾಗಿಸಿ. ಬಂದ ಸಂಖ್ಯೆಯೇ ಆ ಸ್ವರದ ಹರ್ಟ್ಜ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎನ್ನುವುದು. ನನ್ನ ಕೋಣೆಯ ಉದ್ದ 14 ಅಡಿ, ಹಾಗಾಗಿ 41 ಹರ್ಟ್ಜ್. ಅಗಲ 11 ಅಡಿಗೆ 52. ಎತ್ತರ 10 ಅಡಿಗೆ 57. ಇವುಗಳ ಎರಡರಷ್ಟು, ಮೂರರಷ್ಟು ಹರ್ಟ್ಜ್‌ಗಳಲ್ಲೂ ಮೋಡ್ ಇರುತ್ತದೆ. ಉದ್ದದ ಎರಡನೆಯದು ನನ್ನಲ್ಲಿ 81.

ಈಗ ಬೇಸ್ ಗಿಟಾರ್ ನೋಡಿ. ನಾಲ್ಕು ತಂತಿಗಳು ಸುಮಾರು 41, 55, 73, 98 ಹರ್ಟ್ಜ್‌ಗೆ ಶ್ರುತಿ ಆಗಿರುತ್ತವೆ. ದಪ್ಪ ತಂತಿಯ 41 ನನ್ನ ಕೋಣೆಯ ಉದ್ದಕ್ಕೆ ಸರಿಯಾಗಿ ಹೊಂದಿಕೊಂಡಿದೆ! ಸೋಫಾ ಹಿಂದಿನ ಗೋಡೆಗೆ ಒತ್ತಿ ಇತ್ತು. ಕಪಾಟು ನಡುಗಿದ್ದು ಇದೇ ಕಾರಣಕ್ಕೆ. ಈ ಲೆಕ್ಕ ಕಾಗದದಲ್ಲಿ ಬರೆದು ನೋಡಿದ ದಿನ ನನಗೆ ಆದ ಸಮಾಧಾನ ಹೇಳಲಾರೆ. ಕಾರಣ ಗೊತ್ತಾದರೆ ದಾರಿಯೂ ಗೊತ್ತಾಗುತ್ತದೆ ಅಲ್ವಾ.

ಉದ್ದ, ಅಗಲ, ಎತ್ತರ ಮೂರೂ ಒಂದೇ ಆದರೆ ಕಷ್ಟ. ನನ್ನ ಭಾವನ ಫ್ಲಾಟ್ ಮಂಗಳೂರಿನ ಕದ್ರಿಯಲ್ಲಿದೆ. ಹತ್ತಕ್ಕೆ ಹತ್ತರ ಬೆಡ್‌ರೂಮ್, ಎತ್ತರವೂ ಹತ್ತರ ಹತ್ತಿರ. ಅಲ್ಲಿ ಮೂರು ಮೋಡ್‌ಗಳೂ 57ರಲ್ಲಿ ಒಂದರ ಮೇಲೊಂದು ಕೂತಿವೆ. ಮನೆಯಲ್ಲಿ ಎರಡು ಕೋಣೆಗಳ ನಡುವೆ ಆಯ್ಕೆ ಇದ್ದರೆ ಚೌಕ ಕೋಣೆ ಬಿಟ್ಟು ಉದ್ದದ್ದನ್ನು ಹಿಡಿಯಿರಿ.

ಮೊದಲು ಸೋಫಾ ಎಳೆಯಿರಿ

ನಮ್ಮ ಕಡೆ ಮನೆಗಳಲ್ಲಿ ಸೋಫಾ ಅಂದರೆ ಗೋಡೆಗೆ ತಾಗಿಯೇ ಇರಬೇಕು. ಅದೇ ಅಭ್ಯಾಸ. ಬೇಸ್ ಕೇಳಲಿಕ್ಕೆ ಅದು ಅತಿ ಕೆಟ್ಟ ಜಾಗ, ಎಲ್ಲ ಮೋಡ್‌ಗಳೂ ಗೋಡೆಯಲ್ಲೇ ಪೂರ್ತಿ ಉಬ್ಬುವುದು. ಹಾಗಂತ ಸರಿ ಮಧ್ಯಕ್ಕೆ ಎಳೆದರೆ 41 ಪೂರ್ತಿ ಹೋಗುತ್ತದೆ. ನಾನು ಮಧ್ಯಕ್ಕೆ ಎಳೆದು ಕೂತು ನೋಡಿದೆ. ದಪ್ಪ ತಂತಿ ಬೆರಳು ತಾಗಿದ ಸದ್ದು ಮಾತ್ರ ಕೇಳಿತು, ಸ್ವರ ಇಲ್ಲ.

ನಾಲ್ಕನೇ ಒಂದು ಭಾಗದಲ್ಲಿ, ಅಂದರೆ ಗೋಡೆಯಿಂದ ಮೂರೂವರೆ ಅಡಿಯಲ್ಲಿ ಕೂತರೆ? 41 ಇರುತ್ತದೆ, ಆದರೆ ಎರಡನೇ ಮೋಡ್ 81 ಅಲ್ಲಿ ಸೊನ್ನೆ. ಸಬ್‌ನ ಕೆಲಸ ಮುಗಿದು ಮಾಮೂಲಿ ಸ್ಪೀಕರಿನ ಕೆಲಸ ಶುರುವಾಗುವ ಸ್ವರವೇ ಅದು, ಅಲ್ಲಿ ತೂತು ಬಿದ್ದರೆ ತಬಲಾದ ಡಗ್ಗಾ ಸೊರಗುತ್ತದೆ.

ಮೂರನೇ ಒಂದು ಭಾಗದಲ್ಲಿ ಚಂದದ ಸಂಗತಿ ಇದೆ. ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗ ಮುಂದೆ ಬಂದು ಕೂತರೆ ಮೊದಲ ಮೋಡೂ ಎರಡನೇ ಮೋಡೂ ಗೋಡೆಯಲ್ಲಿ ಇರುವುದಕ್ಕಿಂತ 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಕಡಿಮೆ ಇರುತ್ತವೆ. ಎರಡೂ ಸಮ. ಯಾವುದೂ ಉಬ್ಬುವುದಿಲ್ಲ, ಯಾವುದೂ ಮಾಯ ಆಗುವುದಿಲ್ಲ. ನನ್ನ ಕೋಣೆಯಲ್ಲಿ ಅದು 4 ಅಡಿ 8 ಇಂಚು. ಅಳತೆ ತೆಗೆಯಬೇಕಾದ್ದು ಸೋಫಾದ ಬೆನ್ನಿನಿಂದ ಅಲ್ಲ, ಕಿವಿಯಿಂದ. ಇದು ನೆನಪಿರಲಿ. ಒಂದು ಅಡಿ ಹಿಂದೆ ಮುಂದೆ ಜರುಗಿಸಿ ನೋಡುವುದೂ ಬೇಕು, ಕೋಣೆಗೆ ಬಾಗಿಲು, ಕಿಟಕಿ, ಕಪಾಟು ಇರುವುದರಿಂದ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಅಗಲದ ಲೆಕ್ಕದಲ್ಲಿ ಸ್ಪೀಕರ್‌ಗಳ ನಡುವೆ, ಸರಿ ಮಧ್ಯದಲ್ಲೇ ಕೂತುಕೊಳ್ಳಿ.

ಕೋಣೆಯಲ್ಲಿ ಮೂರು ಅಡಿ ಎಳೆಯಲೂ ಜಾಗ ಇಲ್ಲದವರು ಎಷ್ಟು ಆಗುತ್ತದೋ ಅಷ್ಟು ಎಳೆಯಿರಿ. ಗೋಡೆಯಿಂದ ಒಂದೂವರೆ ಅಡಿ ಮುಂದೆ ಬಂದರೂ ವ್ಯತ್ಯಾಸ ಗೊತ್ತಾಗುತ್ತದೆ.

ಸಬ್‌ನ ಜಾಗ ಹುಡುಕುವುದು

ಹಳೆಯ ಉಪಾಯ ಒಂದಿದೆ. ಸಬ್ ಇದ್ದಲ್ಲಿ ಕಿವಿ, ಕಿವಿ ಇದ್ದಲ್ಲಿ ಸಬ್. ಎರಡರ ಜಾಗ ಅದಲು ಬದಲು ಮಾಡಿದರೂ ಕೇಳುವ ಮಟ್ಟ ಬದಲಾಗುವುದಿಲ್ಲ ಎನ್ನುವುದು ಶಬ್ದದ ಗುಣ. ಆದ್ದರಿಂದ ಸಬ್ ಅನ್ನು ನೀವು ಕೂರುವ ಜಾಗದಲ್ಲಿ ಇಟ್ಟು, ನೀವು ಗೋಡೆ ಬದಿಯಲ್ಲಿ ಹುಡುಕುತ್ತಾ ಹೋದರೆ ಸಾಕು. ಭಾರದ ಸಬ್ ಅನ್ನು ಇಪ್ಪತ್ತು ಸಲ ಹೊತ್ತು ತಿರುಗುವುದು ತಪ್ಪುತ್ತದೆ.

ಮಾಡುವುದು ಹೀಗೆ. ಸೋಫಾ ಮೇಲೆ ಹಳೆ ಬೆಡ್‌ಶೀಟ್ ಹಾಸಿ, ಇಬ್ಬರು ಸೇರಿ ಸಬ್ ಎತ್ತಿ ಇಡಿ. ಸ್ಪೀಕರ್‌ಗಳನ್ನು ಆಫ್ ಮಾಡಿ. ಒಂದೊಂದೇ ಸ್ವರ ಮೇಲೆ ಕೆಳಗೆ ನಡೆಯುವ ಬೇಸ್ ಗಿಟಾರಿನ ತುಣುಕನ್ನು ಮತ್ತೆ ಮತ್ತೆ ಬರುವ ಹಾಗೆ ಹಾಕಿ. ಡಿಜೆ ಹಾಡು ಬೇಡ, ಅದರಲ್ಲಿ ಒಂದೇ ಸ್ವರ ಹೊಡೆಯುತ್ತಾ ಇರುತ್ತದೆ. ಈಗ ಮೊಣಕಾಲೂರಿ, ಕಿವಿಯನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ ಇಟ್ಟುಕೊಂಡು ಗೋಡೆಯ ಬದಿಯಲ್ಲೇ ಸರಿಯುತ್ತಾ ಹೋಗಿ. ಎರಡು ಅಡಿಗೊಂದು ಸಲ ನಿಂತು ಪೂರ್ತಿ ತುಣುಕು ಕೇಳಿ. ಜೋರಾಗಿ ಕೇಳುವ ಜಾಗ ಹುಡುಕಬೇಡಿ. ಎಲ್ಲ ಸ್ವರವೂ ಒಂದೇ ಸಮ ಕೇಳುವ ಜಾಗ ಬೇಕು. ಇಲ್ಲೇ ಹಲವರು ತಪ್ಪುವುದು, ಮೂಲೆಗೆ ಹೋದ ಕೂಡಲೇ ಬೇಸ್ ಧಡಂ ಅನ್ನುತ್ತದೆ, ಇದೇ ಸರಿ ಅನಿಸುತ್ತದೆ. ಮೂಲೆ ಎಲ್ಲ ಮೋಡ್‌ಗಳನ್ನೂ ಪೂರ್ತಿ ಎಬ್ಬಿಸುವ ಜಾಗ. ಜೋರು ಬೇಕಾದರೆ ವಾಲ್ಯೂಮ್ ಇದೆ. ಸಮ ಬೇಕಾದರೆ ಜಾಗವೇ ಬೇಕು.

ಸಮ ಅನಿಸಿದ ಎರಡು ಮೂರು ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಆಮೇಲೆ ಸಬ್ ಅನ್ನು ಅಲ್ಲಿಟ್ಟು ಸೋಫಾದಲ್ಲಿ ಕೂತು ಕೇಳಿ ತೀರ್ಮಾನ ಮಾಡಿ.

ನನಗೆ ಸಿಕ್ಕಿದ್ದು ಎಡಗೋಡೆಯ ಬದಿಯಲ್ಲಿ, ಮುಂದಿನ ಗೋಡೆಯಿಂದ ಐದೂವರೆ ಅಡಿ. ಕೋಣೆಯ ಉದ್ದದ ಮಧ್ಯಕ್ಕಿಂತ ಸ್ವಲ್ಪ ಮುಂದೆ. ಮೊದಲು ಆಶ್ಚರ್ಯ ಆಯಿತು, ಆಮೇಲೆ ಟಬ್ ನೆನಪಾಯಿತು. ಟಬ್‌ನ ನಡುವೆ ಕೈ ಇಟ್ಟು ಒತ್ತಿದರೆ ನೀರು ತುದಿಯಿಂದ ತುದಿಗೆ ತೂಗುವುದಿಲ್ಲ. ಮಧ್ಯದ ಹತ್ತಿರ ಇಟ್ಟ ಸಬ್ 41 ಅನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ಪಕ್ಕದ ಗೋಡೆಯಲ್ಲಿ ಇರುವುದರಿಂದ ಅಗಲದ 52 ಅನ್ನು ಎಬ್ಬಿಸುತ್ತದೆ ನಿಜ, ಆದರೆ ನಾನು ಅಗಲದ ಮಧ್ಯದಲ್ಲಿ ಕೂತಿದ್ದೇನೆ, ಆ ಉಬ್ಬು ನನಗೆ ತಲುಪುವುದೇ ಇಲ್ಲ.

ಒಂದು ಎಚ್ಚರಿಕೆ. ಸಬ್ ಗೋಡೆಗೆ ಹತ್ತಿರವೇ ಇರಲಿ, ಕೈ ಹೋಗುವಷ್ಟು ಸಂದು ಸಾಕು. ಗೋಡೆಯಿಂದ ಮೂರು ಅಡಿ ದೂರ ಇಟ್ಟರೆ ಗೋಡೆಗೆ ಬಡಿದು ವಾಪಸ್ ಬರುವ ಅಲೆ 95 ಹರ್ಟ್ಜ್ ಸುತ್ತ ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ. ಹತ್ತಿರ ಇಟ್ಟರೆ ಆ ಅಳಿಸುವಿಕೆ ಸಬ್‌ನ ಕೆಲಸದ ವ್ಯಾಪ್ತಿಯಿಂದ ಮೇಲೆ ಹೋಗುತ್ತದೆ.

ಗಡಗಡ ಸದ್ದು ಬೇರೆ, ಬೇಸ್ ಬೇರೆ

ಅಳತೆಗೆ ಹೋಗುವ ಮೊದಲು ಕೋಣೆಯಲ್ಲಿ ನಡುಗುವ ಸಾಮಾನು ಹುಡುಕಿ. ಮೊಬೈಲಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿ 25ರಿಂದ 100 ಹರ್ಟ್ಜ್‌ವರೆಗೆ ಮೆಲ್ಲ ಏರಿಸಿ. ವಾಲ್ಯೂಮ್ ಮಧ್ಯಮ ಇರಲಿ, ಒಂದೇ ಟೋನನ್ನು ಜೋರಾಗಿ ತುಂಬ ಹೊತ್ತು ಬಿಟ್ಟರೆ ಸಬ್‌ನ ಕಾಯಿಲ್ ಬಿಸಿಯಾಗುತ್ತದೆ. ಕಿಟಕಿಯ ಗಾಜು, ಫೋಟೋ ಫ್ರೇಮ್, ಕಪಾಟಿನ ಬೀಗದ ಕೈ, ಟ್ಯೂಬ್‌ಲೈಟಿನ ಪಟ್ಟಿ ಒಂದೊಂದೂ ಒಂದೊಂದು ಹರ್ಟ್ಜ್‌ನಲ್ಲಿ ಮಾತಾಡುತ್ತದೆ. ಫೆಲ್ಟ್ ತುಂಡು, ಮಡಚಿದ ರಟ್ಟು, ಒಂದೆರಡು ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು. "ಬೇಸ್ ಒಡೆದ ಹಾಗೆ ಕೇಳ್ತದೆ" ಅನ್ನುವ ದೂರಿಗೆ ಕೆಲವು ಸಲ ಇಷ್ಟೇ ಕಾರಣ.

ಅಳೆಯುವುದು

ಕಿವಿಗೆ ನಂಬಿಕೆ ಕೊಡಿ, ಆದರೆ ಅಳತೆಯನ್ನೂ ಮಾಡಿ. ರೂಮ್ ಇಕ್ಯೂ ವಿಜಾರ್ಡ್ ಎಂಬ ಸಾಫ್ಟ್‌ವೇರ್ ಉಚಿತ. ಮಿನಿಡಿಎಸ್‌ಪಿಯ ಯುಮಿಕ್-1 ತರಹದ, ಯುಎಸ್‌ಬಿಗೆ ಚುಚ್ಚುವ ಅಳತೆ ಮೈಕ್ ಇದ್ದರೆ ಒಳ್ಳೆಯದು. ಅದರ ಜೊತೆಗೆ ಆ ಮೈಕಿನದ್ದೇ ಕ್ಯಾಲಿಬ್ರೇಷನ್ ಫೈಲ್ ಸಿಗುತ್ತದೆ, ಮೊದಲು ಅದನ್ನು ಹಾಕಿಕೊಳ್ಳಿ. ಸ್ನೇಹಿತರು ನಾಲ್ಕು ಜನ ಸೇರಿ ಒಂದು ಮೈಕ್ ತಗೊಂಡರೆ ಸಾಕು, ದಿನಾ ಬೇಕಾಗುವ ವಸ್ತು ಅಲ್ಲ.

ಮೈಕನ್ನು ಸ್ಟ್ಯಾಂಡಿನಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್, ಎಸಿ ಆಫ್ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಇದು ದೊಡ್ಡ ಪ್ರಶ್ನೆ, ತಾರಸಿಯ ಮೇಲಿನ ಶೀಟಿಗೆ ಮಳೆ ಬೀಳುವಾಗ ಅಳತೆ ಮಾಡಿದರೆ, ಯಾವ ಸ್ವರ ಎಷ್ಟು ಜೋರು ಎಂದು ತೋರಿಸುವ ಗೆರೆ ಪೂರ್ತಿ ಕೆಡುತ್ತದೆ. ಮಳೆ ಬಿಟ್ಟ ಅರ್ಧ ಗಂಟೆ ಹಿಡಿದುಕೊಳ್ಳಿ. ಸಬ್ ಮಾತ್ರ ಹಾಕಿ 15ರಿಂದ 200 ಹರ್ಟ್ಜ್‌ವರೆಗೆ ಸ್ವೀಪ್ (ಒಂದೇ ಸಮ ಏರುತ್ತಾ ಹೋಗುವ ಟೋನ್) ಓಡಿಸಿ. ತೆರೆಯಲ್ಲಿ ಬರುವ ಗೆರೆ ನೋಡಿ ಹೆದರಬೇಡಿ. ಮಳೆಗಾಲದ ರಸ್ತೆಯ ಹಾಗೆ ಉಬ್ಬು ತಗ್ಗು ಇರುವುದು ಮಾಮೂಲಿ, 15-20 ಡೆಸಿಬೆಲ್ ವ್ಯತ್ಯಾಸ ಎಷ್ಟೋ ಕೋಣೆಗಳಲ್ಲಿ ಇರುತ್ತದೆ. ಗೆರೆಯನ್ನು ನಯ ಮಾಡುವ ಸ್ಮೂತಿಂಗ್ ಜಾಸ್ತಿ ಹಾಕಬೇಡಿ, ಚಂದ ಕಾಣುತ್ತದೆ, ಆದರೆ ನೋಡಬೇಕಾದ ಉಬ್ಬನ್ನೇ ಮುಚ್ಚಿಡುತ್ತದೆ. ತಲೆಯ ಜಾಗದಲ್ಲಿ ಒಂದು, ಎಡ ಬಲ ಅರ್ಧ ಅಡಿಗೆ ಒಂದೊಂದು, ಮುಂದೆ ಹಿಂದೆ ಒಂದೊಂದು ಹೀಗೆ ಐದು ಅಳತೆ ತೆಗೆದು ಸರಾಸರಿ ನೋಡಿ.

ಮೈಕ್ ಇಲ್ಲದವರು ಮೊಬೈಲಿನಲ್ಲೂ ಮಾಡಬಹುದು, ಎರಡು ವಿಷಯ ಗೊತ್ತಿದ್ದರೆ. ಡೆಸಿಬೆಲ್ ಆಪ್‌ಗಳು ಸಾಮಾನ್ಯವಾಗಿ ಎ-ವೈಟಿಂಗ್ ಎಂಬ ಅಳತೆ ಕ್ರಮದಲ್ಲಿ ಇರುತ್ತವೆ. ಅದು ಕೆಳಗಿನ ಸ್ವರಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, 40 ಹರ್ಟ್ಜ್‌ನಲ್ಲಿ ಸುಮಾರು 35 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಸಿ ಅಥವಾ ಝಡ್ ಆರಿಸಿಕೊಳ್ಳಿ. ಎರಡನೆಯದು, ಮೊಬೈಲಿನ ಮೈಕ್ ಮಾತಿಗಾಗಿ ಮಾಡಿದ್ದು, ಬೇಸಿಗೆ ಕಿವುಡು. ಹಾಗಾಗಿ 40ರ ಅಂಕಿಯನ್ನು 60ರ ಅಂಕಿಯ ಜೊತೆ ಹೋಲಿಸಬೇಡಿ. ಒಂದೇ ಟೋನ್, ಎರಡು ಜಾಗ. ಹೀಗೆ ಹೋಲಿಸಿದರೆ ಮೈಕಿನ ದೋಷ ಎರಡೂ ಕಡೆ ಒಂದೇ ಇರುತ್ತದೆ, ವ್ಯತ್ಯಾಸ ಮಾತ್ರ ಕೋಣೆಯದ್ದು. ಸೋಫಾ ಅಥವಾ ಸಬ್ ಸರಿಸಿದಾಗ ಸುಧಾರಿಸಿತೋ ಇಲ್ಲವೋ ತಿಳಿಯಲು ಇದು ಸಾಕು.

ಕಿಟಕಿ ಬಾಗಿಲು ಹೇಗೆ ಇರುತ್ತದೋ ಹಾಗೇ ಇಟ್ಟು ಅಳೆಯಿರಿ. ತೆರೆದ ಕಿಟಕಿಯಿಂದ ಬೇಸ್ ಹೊರಗೆ ಹೋಗುತ್ತದೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಎಲ್ಲ ಕಿಟಕಿಯೂ ತೆರೆದಿರುತ್ತದೆ, ಜುಲೈಯಲ್ಲಿ ಮಳೆ ಎರಚಲಿಗೆ ಎಲ್ಲವೂ ಮುಚ್ಚಿರುತ್ತದೆ. ಎರಡರ ಗೆರೆಯೂ ಬೇರೆ. ನಾನು ಎರಡಕ್ಕೂ ಅಳತೆ ಇಟ್ಟುಕೊಂಡಿದ್ದೇನೆ.

ಸ್ಪೀಕರ್ ಮತ್ತು ಸಬ್ ಕೈ ಕೂಡಿಸಬೇಕು

ಇಲ್ಲಿ ಆಗುವ ತಪ್ಪು ಕೋಣೆಯದ್ದಲ್ಲ, ನಮ್ಮ ಜೋಡಣೆಯದ್ದು. ಎವಿ ರಿಸೀವರ್ (ಸ್ಪೀಕರ್, ಸಬ್ ಎರಡಕ್ಕೂ ಸದ್ದು ಹಂಚಿಕೊಡುವ ಪೆಟ್ಟಿಗೆ) ಬಳಸುವವರು ಅದರ ಸೆಟ್ಟಿಂಗಿನಲ್ಲಿ ಸ್ಪೀಕರ್‌ಗಳನ್ನು "ಸ್ಮಾಲ್" ಮಾಡಿ, ಕ್ರಾಸ್‌ಓವರ್, ಅಂದರೆ ಸಬ್‌ನಿಂದ ಸ್ಪೀಕರಿಗೆ ದಾಟುವ ಗಡಿ, 80 ಹರ್ಟ್ಜ್‌ಗೆ ಇಡಿ. ಸಬ್‌ನ ಹಿಂದೆ ಇರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೆ ಅಥವಾ ಎಲ್‌ಎಫ್‌ಇ ಎಂದು ಬರೆದ, ಸಬ್‌ನ ಸ್ವಂತ ಕ್ರಾಸ್‌ಓವರ್ ಕೆಲಸ ಮಾಡದ ಸ್ಥಾನಕ್ಕೆ ಇಡಿ. ಎರಡು ಕಡೆ ಕ್ರಾಸ್‌ಓವರ್ ಆದರೆ ನಡುವೆ ಹೊಂಡ ಬೀಳುತ್ತದೆ.

ಆಮೇಲೆ ಫೇಸ್. ಸಬ್‌ನ ಕೋನ್ ಹೊರಗೆ ತಳ್ಳುವಾಗ ಸ್ಪೀಕರಿನ ಕೋನ್ ಒಳಗೆ ಎಳೆದರೆ, ಎರಡೂ ಸೇರುವ 80ರ ಸುತ್ತ ಒಂದನ್ನೊಂದು ಕೊಲ್ಲುತ್ತವೆ. 80 ಹರ್ಟ್ಜ್ ಟೋನನ್ನು ಸ್ಪೀಕರ್, ಸಬ್ ಎರಡರಲ್ಲೂ ಒಟ್ಟಿಗೆ ಹಾಕಿ, ಸೋಫಾದಲ್ಲಿ ಕೂತುಕೊಳ್ಳಿ. ಇನ್ನೊಬ್ಬರು ಸಬ್‌ನ ಫೇಸ್ ಸ್ವಿಚ್ಚನ್ನು 0ಗೆ, 180ಕ್ಕೆ ಬದಲಿಸಲಿ. ಯಾವುದರಲ್ಲಿ ಸದ್ದು ಕಡಿಮೆಯೋ ಮೊದಲು ಅದನ್ನು ಹಿಡಿಯಿರಿ. ಅದೇ ಸ್ಥಿತಿಯಲ್ಲಿ ರಿಸೀವರಿನ ಸಬ್ ದೂರವನ್ನು ಅರ್ಧರ್ಧ ಅಡಿ ಏರಿಳಿಸಿ, ಸದ್ದು ಅತಿ ಕಡಿಮೆ ಆಗುವ ಜಾಗ ಹುಡುಕಿ. ಸಿಕ್ಕಿತಾ? ಈಗ ಸ್ವಿಚ್ ತಿರುಗಿಸಿ. ಅತಿ ಹೆಚ್ಚು ಸೇರುವ ಜಾಗ ಅದೇ. ಜಾಸ್ತಿ ಆಗುವುದನ್ನು ಹುಡುಕುವುದಕ್ಕಿಂತ ಮಾಯ ಆಗುವುದನ್ನು ಹುಡುಕುವುದು ಕಿವಿಗೆ ಸುಲಭ, ಅದಕ್ಕೇ ಈ ಉಲ್ಟಾ ದಾರಿ. ರಿಸೀವರ್ ತಾನೇ ಅಳೆದು ಹೇಳುವ ಸಬ್ ದೂರ ನಿಮ್ಮ ಟೇಪಿನ ಅಳತೆಗಿಂತ ಹೆಚ್ಚಿದ್ದರೆ ಗಾಬರಿ ಬೇಡ. ಸಬ್‌ನ ಒಳಗಿನ ಸರ್ಕ್ಯೂಟಿನ ವಿಳಂಬವನ್ನೂ ಅದು ದೂರದ ಲೆಕ್ಕದಲ್ಲೇ ಹೇಳುತ್ತದೆ. ಸುಮ್ನೆ ತಿದ್ದಲು ಹೋಗಬೇಡಿ.

ಈಕ್ವಲೈಸರ್ ಕೊನೆಗೆ

ಇಷ್ಟು ಆದ ಮೇಲೆ ನನ್ನ ಗೆರೆಯಲ್ಲಿ ಉಳಿದದ್ದು 57 ಹರ್ಟ್ಜ್‌ನಲ್ಲಿ 7 ಡೆಸಿಬೆಲ್ ಉಬ್ಬು, 70ರ ಹತ್ತಿರ ಒಂದು ತಗ್ಗು. 57 ಎತ್ತರದ ಮೋಡ್. ಸಬ್ ನೆಲದ ಮೇಲೆ, ನನ್ನ ಕಿವಿ ಮೂರು ಅಡಿ ಎತ್ತರದಲ್ಲಿ. ಇದನ್ನು ಜಾಗ ಬದಲಿಸಿ ಸರಿ ಮಾಡಲು ಆಗುವುದಿಲ್ಲ. ಇಂಥದ್ದಕ್ಕೇ ಈಕ್ವಲೈಸರ್ ಇರುವುದು.

ಉಬ್ಬನ್ನು ಕಡಿಯಿರಿ. ಫಿಲ್ಟರಿನ ಮಧ್ಯವನ್ನು ಉಬ್ಬಿನ ನೆತ್ತಿಗೆ ಸರಿಯಾಗಿ ಇಟ್ಟು, ಅಗಲವೂ ಉಬ್ಬಿನಷ್ಟೇ ಇರುವ ಹಾಗೆ ಕ್ಯೂ (ಫಿಲ್ಟರಿನ ಅಗಲ ಹೇಳುವ ಅಂಕಿ) ಆರಿಸಿ. ನಾನು ಹಾಕಿದ್ದು 57 ಹರ್ಟ್ಜ್, ಮೈನಸ್ 6 ಡೆಸಿಬೆಲ್, ಕ್ಯೂ 5. ಉಬ್ಬು ಕಡಿದರೆ ಮಟ್ಟ ಮಾತ್ರ ಅಲ್ಲ, ಎಳೆಯುವ ಬಾಲವೂ ಗಿಡ್ಡ ಆಗುತ್ತದೆ. ಸ್ವರ ಎಷ್ಟು ಹೊತ್ತು ಎಳೆಯುತ್ತದೆ ಎಂದು ತೋರಿಸುವ, ಸಾಫ್ಟ್‌ವೇರಿನ ವಾಟರ್‌ಫಾಲ್ ಚಿತ್ರದಲ್ಲಿ ಮೊದಲು ಮತ್ತು ಆಮೇಲೆ ಇಟ್ಟು ನೋಡಿ, ಕಣ್ಣಿಗೇ ಕಾಣುತ್ತದೆ.

ತಗ್ಗನ್ನು ಎತ್ತಬೇಡಿ. ಅಲ್ಲಿ ಶಬ್ದ ಕಡಿಮೆ ಇರುವುದಲ್ಲ, ಎರಡು ಅಲೆ ಒಂದನ್ನೊಂದು ಅಳಿಸುತ್ತಿವೆ. ನೀವು ಹೆಚ್ಚು ಕೊಟ್ಟರೆ ಅಳಿಸುವ ಅಲೆಯೂ ಅಷ್ಟೇ ಹೆಚ್ಚುತ್ತದೆ. 10 ಡೆಸಿಬೆಲ್ ಎತ್ತಲು ಆಂಪ್ಲಿಫೈಯರ್ ಹತ್ತು ಪಟ್ಟು ವ್ಯಾಟ್ ಕೊಡಬೇಕು. 30 ವ್ಯಾಟ್ ಸಾಕಾಗಿದ್ದ ಕಡೆ 300! ಅಷ್ಟು ಕೊಟ್ಟೂ ಕಿವಿಗೆ ಏನೂ ಬರುವುದಿಲ್ಲ, ಸಬ್ ಮಾತ್ರ ಏದುಸಿರು ಬಿಡುತ್ತದೆ. ಸಂಶಯ ಇದ್ದರೆ 3 ಡೆಸಿಬೆಲ್ ಎತ್ತಿ ಮತ್ತೆ ಅಳೆಯಿರಿ. ತಗ್ಗು ಅಷ್ಟೇ ಉಳಿದರೆ ಫಿಲ್ಟರ್ ತೆಗೆದುಬಿಡಿ. ನನ್ನ 70ರ ತಗ್ಗು ಹಾಗೇ ಉಳಿದಿತ್ತು. ಸಬ್ ಅನ್ನು ನಾಲ್ಕು ಇಂಚು ಹಿಂದಕ್ಕೆ ಸರಿಸಿದಾಗ ಅರ್ಧಕ್ಕರ್ಧ ತುಂಬಿತು.

ಆಡಿಸ್ಸಿ, ಡಿರಾಕ್ ತರಹದ ಸ್ವಯಂಚಾಲಿತ ವ್ಯವಸ್ಥೆ ನಿಮ್ಮ ರಿಸೀವರಿನಲ್ಲಿ ಇದ್ದರೆ ಸಂತೋಷವಾಗಿ ಬಳಸಿ. ಜಾಗದ ಕೆಲಸ ಮುಗಿದ ಮೇಲೆ ಓಡಿಸಿ ಅಷ್ಟೇ. ಅದಿಲ್ಲದವರಿಗೆ ಮಿನಿಡಿಎಸ್‌ಪಿ 2×4 ತರಹದ ಸಣ್ಣ ಈಕ್ವಲೈಸರ್ ಪೆಟ್ಟಿಗೆ ಸಿಗುತ್ತದೆ, ಸಬ್‌ನ ದಾರಿಯಲ್ಲಿ ನಡುವೆ ಸೇರಿಸಬಹುದು.

ಸಮ ಮಾಡಿದ ಮೊದಲ ದಿನ ಬೇಸ್ ಕಡಿಮೆ ಆಯಿತು ಅನಿಸುವುದು ಖಂಡಿತ. ಇಷ್ಟು ದಿನ ಕೇಳಿದ್ದು ಒಂದು ಸ್ವರದ ಗದ್ದಲ, ಅದು ಹೋಗಿದೆ. ಸಬ್‌ನ ಒಟ್ಟು ಮಟ್ಟವನ್ನು 3ರಿಂದ 5 ಡೆಸಿಬೆಲ್ ಏರಿಸಿ. ಮೆಲ್ಲ ಕೇಳುವಾಗ ನಮ್ಮ ಕಿವಿಗೆ ಕೆಳಗಿನ ಸ್ವರ ಸಹಜವಾಗಿಯೇ ಕಡಿಮೆ ಕೇಳುತ್ತದೆ, 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ರಾತ್ರಿ ಕಡಿಮೆ ವಾಲ್ಯೂಮಿನಲ್ಲಿ ಕೇಳುವವರಿಗೆ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಎರಡು ವಾರ ಹಾಗೇ ಬಿಟ್ಟು ಕೇಳಿ.

ದೊಡ್ಡದೊಂದರ ಬದಲು ಸಣ್ಣದೆರಡು

ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಇಲ್ಲಿ ಮಾಡಿ. ಒಂದು ದೊಡ್ಡ ಸಬ್ ಬದಲು ಒಂದೇ ಮಾದರಿಯ ಎರಡು ಸಣ್ಣ ಸಬ್ ತಗೊಂಡು, ಎದುರು ಬದುರು ಗೋಡೆಗಳ ಮಧ್ಯದಲ್ಲಿ ಇಡಿ. ಎರಡೂ ಒಟ್ಟಿಗೆ ತಳ್ಳುವಾಗ ಆ ದಿಕ್ಕಿನ ಮೊದಲ ಮೋಡ್ ಏಳುವುದೇ ಇಲ್ಲ. ಟಬ್‌ನ ಎರಡೂ ತುದಿಯನ್ನು ಒಂದೇ ಹೊತ್ತಿಗೆ ಒತ್ತಿದ ಹಾಗೆ. ಹರ್ಮನ್ ಕಂಪೆನಿಯ ಟಾಡ್ ವೆಲ್ಟಿ 2002ರಲ್ಲಿ ಎಷ್ಟು ಸಬ್ ಬೇಕು, ಎಲ್ಲಿ ಇಡಬೇಕು ಎಂದು ಹಲವು ಜೋಡಣೆಗಳನ್ನು ಹೋಲಿಸಿ ನೋಡಿದಾಗ, ಎದುರು ಗೋಡೆಗಳ ಮಧ್ಯದ ಎರಡು ಸಬ್ ಒಳ್ಳೆಯ ಫಲ ಕೊಟ್ಟಿತ್ತು. ಇದರ ದೊಡ್ಡ ಲಾಭ ಅಂದರೆ ಸೋಫಾದಲ್ಲಿ ಕೂತ ಮೂವರಿಗೂ ಬೇಸ್ ಹೆಚ್ಚು ಕಡಿಮೆ ಒಂದೇ ರೀತಿ ಕೇಳುತ್ತದೆ. ಈಕ್ವಲೈಸರಿನಿಂದ ಇದು ಆಗದು, ಅದು ಎಲ್ಲ ಜಾಗಕ್ಕೂ ಒಂದೇ ಬದಲಾವಣೆ ಕೊಡುತ್ತದೆ.

ಸ್ಪಂಜು, ಮೊಟ್ಟೆ ಟ್ರೇ, ಬೂಸ್ಟು

ಗೋಡೆಗೆ ಎರಡು ಇಂಚಿನ ಸ್ಪಂಜು ಅಂಟಿಸಿದರೆ ಬೇಸ್ ಸರಿಯಾಗುವುದಿಲ್ಲ. ಮೊಟ್ಟೆ ಟ್ರೇ ಅಂತೂ ಬೇಡವೇ ಬೇಡ. 40 ಹರ್ಟ್ಜ್ ಅಲೆಯ ಉದ್ದ ಸುಮಾರು 28 ಅಡಿ. ಅದನ್ನು ಚೆನ್ನಾಗಿ ಹೀರಲು ಅಲೆಯ ಕಾಲು ಭಾಗದಷ್ಟು, ಅಂದರೆ ಏಳು ಅಡಿ ದಪ್ಪ ಬೇಕಾದೀತು. ತೆಳು ಸ್ಪಂಜು ಮೇಲಿನ ಸ್ವರಗಳನ್ನಷ್ಟೇ ನುಂಗಿ, ಕೋಣೆಯನ್ನು ಮಂಕು ಮಾಡಿ, ಗುಂಯ್ ಅನ್ನುವುದನ್ನು ಹಾಗೇ ಉಳಿಸುತ್ತದೆ. ಮೂಲೆಗಳಲ್ಲಿ ನೆಲದಿಂದ ಮೇಲಿನವರೆಗೆ ಆರು ಇಂಚಿಗಿಂತ ದಪ್ಪದ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ವಸ್ತು) ಪ್ಯಾನೆಲ್ ನಿಲ್ಲಿಸಿದರೆ 80ರ ಮೇಲೆ ಉಪಯೋಗ ಉಂಟು.

ಆದರೆ ನಮ್ಮೂರಿನ ತೇವ ಮರೆಯಬೇಡಿ. ಪ್ಯಾನೆಲನ್ನು ಗೋಡೆಗೆ ಅಂಟಿಸಿದರೆ ಆಗಸ್ಟ್ ಹೊತ್ತಿಗೆ ಹಿಂದೆ ಬೂಸ್ಟು ಹಿಡಿದಿರುತ್ತದೆ. ಮೂರು ನಾಲ್ಕು ಇಂಚು ಸಂದು ಬಿಡಿ, ಗಾಳಿ ಆಡಲಿ. ಆ ಸಂದಿನಿಂದ ಕೆಳಗಿನ ಸ್ವರಗಳನ್ನು ಹೀರುವ ಶಕ್ತಿಯೂ ಹೆಚ್ಚುತ್ತದೆ. ಹತ್ತಿ ಬಟ್ಟೆಯ ಹೊದಿಕೆ ಹಾಕಿ, ತೆಗೆದು ಬಿಸಿಲಿಗೆ ಹಾಕುವ ಹಾಗೆ ಇರಲಿ.

ಹೆಂಚಿನ ಮನೆ, ಫ್ಲಾಟ್

ಹಳೆಯ ಹೆಂಚಿನ ಮನೆಯ ಚಾವಡಿಯಲ್ಲಿ ಕೇಳುವವರ ಕಥೆ ಬೇರೆ. ಕಟಪಾಡಿಯ ನಮ್ಮ ಮಾವನ ಮನೆಯಲ್ಲಿ ಇದೇ ಸಬ್ ಇಟ್ಟು ನೋಡಿದ್ದೆ. ಬೇಸ್ ಸಮ ಇತ್ತು, ಆದರೆ ತೆಳು. ಹೆಂಚಿನ ಸಂದು, ಮರದ ಮುಚ್ಚಿಗೆ, ತೆರೆದ ಜಗಲಿ ಎಲ್ಲ ಕಡೆಯಿಂದ ಕೆಳಗಿನ ಸ್ವರ ಹೊರಗೆ ಹೋಗುತ್ತದೆ, ಗೋಡೆಗಳ ನಡುವೆ ಸಿಕ್ಕಿಕೊಳ್ಳುವುದಿಲ್ಲ. ಅಂಥ ಮನೆಯಲ್ಲಿ ಮೂಲೆಯೇ ಸರಿಯಾದ ಜಾಗ. ಈಕ್ವಲೈಸರ್ ಬೇಕಾಗುವುದೂ ಕಡಿಮೆ. ಮುಚ್ಚಿಗೆಯ ಹಲಗೆ ನಡುಗುತ್ತದೋ ನೋಡಿಕೊಳ್ಳಿ.

ಭಾವನ ಫ್ಲಾಟಿನಲ್ಲಿ ಮಂಚ ಸರಿಸಲು ಜಾಗ ಇರಲಿಲ್ಲ. ಸಬ್ ಅನ್ನು ಮೂಲೆಯಿಂದ ಮುಂದಿನ ಗೋಡೆಯ ಮಧ್ಯಕ್ಕೆ ತಂದೆವು, ಅಗಲದ ಮೋಡ್ ಇಳಿಯಿತು. ಅಡಿಗೆ ದಪ್ಪ ರಬ್ಬರ್ ಪ್ಯಾಡ್ ಇಟ್ಟೆವು. ಉಳಿದ 57ಕ್ಕೆ ಒಂದು ಫಿಲ್ಟರ್. "ಈಗ ಕೆಳಗಿನ ಮನೆಯವರು ಬರುವುದು ನಿಂತಿದೆ" ಅಂತ ಅಕ್ಕ ಫೋನ್ ಮಾಡಿದರು. ಗೋಡೆ ದಾಟಿ ಹೋಗುವುದು ಹೆಚ್ಚಾಗಿ ಆ ಒಂದು ಉಬ್ಬಿದ ಸ್ವರವೇ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಎಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ, ಆದರೆ ಅದರ ಅಳತೆ ಎ-ವೈಟಿಂಗ್‌ನಲ್ಲಿ. ಆಪ್‌ನಲ್ಲಿ 45ರ ಒಳಗೆ ತೋರಿಸಿದರೂ ಪಕ್ಕದವರ ಮಂಚ ನಡುಗುತ್ತಾ ಇರಬಹುದು. ಅವರನ್ನೇ ಕರೆದು ಅವರ ಕೋಣೆಯಲ್ಲಿ ನಿಂತು ಕೇಳಿ ಬನ್ನಿ.

ಸಿಡಿಲಿನ ದಿನ ಸಬ್‌ನ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಎಲ್ಲ ಮುಗಿದ ದಿನ ಸೋಫಾದ ನಾಲ್ಕು ಕಾಲಿಗೂ, ಸಬ್‌ನ ನಾಲ್ಕು ಮೂಲೆಗೂ ನೆಲದಲ್ಲಿ ಬಣ್ಣದ ಟೇಪ್ ಅಂಟಿಸಿ. ವಾಲ್ಯೂಮ್, ಫೇಸ್, ದೂರ, ಫಿಲ್ಟರ್ ಎಲ್ಲ ಒಂದು ಚೀಟಿಯಲ್ಲಿ ಬರೆದು ಸಬ್‌ನ ಬೆನ್ನಿಗೆ ಅಂಟಿಸಿ. ಚೌತಿಗೋ ದೀಪಾವಳಿಗೋ ಮನೆ ಗುಡಿಸಿ ಒರೆಸುವಾಗ ಎಲ್ಲವೂ ಜಾಗ ಬಿಟ್ಟು ಹೋಗುತ್ತವೆ. ಟೇಪ್ ಇದ್ದರೆ ಎರಡು ನಿಮಿಷದಲ್ಲಿ ವಾಪಸ್ ಕೂರಿಸಬಹುದು.